ಕರ್ತೃ ಕಳೆದುಕೊಂಡ ಗುಣವಾಚಕ

ಗಂಟಲು ನೋಡುವಾಗ ವೈದ್ಯರು ನಾಲಗೆಯ ಮೇಲಿಟ್ಟು ಅದುಮುವ ಚಪ್ಪಟೆ ಮರದ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಟಂಗ್ ಡಿಪ್ರೆಸರ್’ ಎಂದು ಹೆಸರು. ಆ ಗಳಿಗೆಯಲ್ಲಿ ನಾಲಗೆಯ ಸ್ಥಿತಿ ‘ಡಿಪ್ರೆಸ್ಡ್’. ಇದರಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಅದುಮುವ ಕೈ ಇದೆ, ಕೈಯಲ್ಲಿ ಪಟ್ಟಿ ಇದೆ, ಕೆಳಗೆ ನಾಲಗೆ ಇದೆ; ಕೈ ತೆಗೆದರೆ ನಾಲಗೆ ತಾನಾಗಿ ಏಳುತ್ತದೆ. ಇದೇ ಗುಣವಾಚಕವನ್ನು ಮನುಷ್ಯರಿಗೆ ಹಚ್ಚಿ ‘ಅವಳು ಡಿಪ್ರೆಸ್ಡ್ ಆಗಿದ್ದಾಳೆ’ ಎಂದಾಗ ಮಾತ್ರ ಚಿತ್ರದ ಒಂದು ಭಾಗ ಅಳಿಸಿಹೋಗುತ್ತದೆ. ಅದುಮಿಸಿಕೊಂಡವಳು ಕಾಣುತ್ತಾಳೆ, ಅದುಮಿದ್ದು ಕಾಣುವುದಿಲ್ಲ. ಮನಸ್ಸು ಕುಗ್ಗಿದ ಸ್ಥಿತಿಯನ್ನು ಹೇಳುವ ಪದಗಳಿಗೆ ಇಂಗ್ಲಿಷಿನಲ್ಲಿ ಬರವಿಲ್ಲ. ಆದರೆ ಅವುಗಳಲ್ಲಿ ಇವತ್ತು ಬೆಂಗಳೂರಿನ ಹಾಸ್ಟೆಲ್ಲಿನಿಂದ ಬೀದರಿನ ತಾಲ್ಲೂಕು ಆಸ್ಪತ್ರೆಯವರೆಗೆ ಕನ್ನಡದ ಮಾತಿನೊಳಗೂ ಸಲೀಸಾಗಿ ಓಡಾಡುತ್ತಿರುವುದು ಇದೇ. ಇದರ ಶತಮಾನಗಳ ಬಳಕೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ವಾಕ್ಯದಲ್ಲಿ ಒಂದು ಕಾಲಕ್ಕೆ ಢಾಳಾಗಿ ಕೂತಿದ್ದ ಕರ್ತೃ ಮೆಲ್ಲಮೆಲ್ಲಗೆ ಹೊರಬಿದ್ದ ಕತೆ ಕಾಣುತ್ತದೆ. ಕನ್ನಡ ಈ ಪದವನ್ನು ಎರವಲು ತಂದದ್ದು ಆ ಕತೆ ಬಹುಪಾಲು ಮುಗಿದ ಮೇಲೆ. ಆದ್ದರಿಂದಲೇ ಅದು ನಮ್ಮಲ್ಲಿ ಒಂದು ರೋಗದ ಹೆಸರಿನಂತೆ ಕೇಳಿಸುತ್ತದೆ, ಯಾರೋ ಯಾರಿಗೋ ಮಾಡಿದ ಕೆಲಸದ ಹೆಸರಿನಂತೆ ಕೇಳಿಸುವುದಿಲ್ಲ.

ಲ್ಯಾಟಿನ್ನಿನ ‘ಪ್ರೆಮೆರೆ’ ಎಂದರೆ ಒತ್ತುವುದು. ಅದಕ್ಕೆ ಕೆಳಕ್ಕೆ ಎಂಬ ಅರ್ಥದ ‘ಡೆ’ ಸೇರಿ ‘ಡೆಪ್ರಿಮೆರೆ’ ಆಯಿತು. ಅದರ ಭೂತಕೃದಂತ ಹಳೆಯ ಫ್ರೆಂಚಿನ ದಾರಿಯಿಂದ ಇಂಗ್ಲಿಷಿಗೆ ಬಂತು. ಪ್ರೆಸ್, ಪ್ರೆಷರ್, ಎಕ್ಸ್‌ಪ್ರೆಸ್, ಕಂಪ್ರೆಸರ್ ಎಲ್ಲ ಒಂದೇ ಮನೆಯ ಮಕ್ಕಳು. ಇದೇ ಅರ್ಥವಲಯದ ಬೇರೆ ಪದಗಳ ವ್ಯಾಕರಣ ಹೀಗಿಲ್ಲ. ‘ಸ್ಯಾಡ್’ ಎಂಬುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ತಣಿದ, ಸಾಕುಸಾಕಾದ ಎಂಬ ಅರ್ಥವಿತ್ತು; ಅಲ್ಲಿಂದ ಭಾರವಾದ, ಗಂಭೀರವಾದ ಎಂದಾಗಿ ಕೊನೆಗೆ ದುಃಖಕ್ಕೆ ಬಂತು. ‘ಗ್ಲೂಮಿ’ಯಲ್ಲಿ ಮಬ್ಬಿದೆ, ‘ಬ್ಲೂ’ವಿನಲ್ಲಿ ಬಣ್ಣವಿದೆ, ‘ಮೆಲಂಕಲಿ’ಯಲ್ಲಿ ಗ್ರೀಕ್ ವೈದ್ಯರ ಕರಿಪಿತ್ತವಿದೆ. ಇವುಗಳಲ್ಲಿ ಯಾವುದಕ್ಕೂ ‘ಮಾಡಿದವರು ಯಾರು’ ಎಂಬ ಪ್ರಶ್ನೆ ಅಂಟಿಕೊಂಡಿಲ್ಲ. ‘ಡಿಜೆಕ್ಟೆಡ್’, ‘ಡೌನ್‌ಕಾಸ್ಟ್’ ಎಂಬ ಇನ್ನೆರಡರಲ್ಲಿ ಕೆಳಕ್ಕೆ ಎಸೆದ ಎಂಬ ಕ್ರಿಯೆ ಇದೆ ನಿಜ, ಆದರೆ ಆ ಕ್ರಿಯಾಪದಗಳು ಆಡುಮಾತಿನಲ್ಲಿ ಸತ್ತು ಬಹಳ ಕಾಲವಾಯಿತು; ಇಂತಹದು ನನ್ನನ್ನು ಡಿಜೆಕ್ಟ್ ಮಾಡಿತು ಎಂದು ಇವತ್ತು ಯಾರೂ ಹೇಳುವುದಿಲ್ಲ. ‘ಡಿಪ್ರೆಸ್’ ಮಾತ್ರ ಜೀವಂತವಾಗಿದೆ. ಸುದ್ದಿ ಕೇಳಿ ಡಿಪ್ರೆಸ್ ಆಗುತ್ತದೆ, ಸಿನಿಮಾ ಡಿಪ್ರೆಸಿಂಗ್ ಆಗಿರುತ್ತದೆ. ಅಂದರೆ ಕರ್ತೃವಿಗೆ ಮೀಸಲಾದ ಕುರ್ಚಿ ವಾಕ್ಯದಲ್ಲಿ ಇನ್ನೂ ಇದೆ, ಅದು ಖಾಲಿಯಾಗಿದೆ ಅಷ್ಟೆ.

ಆ ಕುರ್ಚಿಯಲ್ಲಿ ಮೊದಲು ಕೂತಿದ್ದವರು ರಾಜರು, ಸೇನೆಗಳು. 14ನೆಯ ಶತಮಾನದ ಕೊನೆಗೆ ಇಂಗ್ಲಿಷಿನಲ್ಲಿ ಈ ಕ್ರಿಯಾಪದ ಕಾಣಿಸಿಕೊಂಡಾಗ ಅದರ ಅರ್ಥ ಬಲದಿಂದ ತಗ್ಗಿಸು, ಸೋಲಿಸಿ ಅಡಗಿಸು ಎಂದಿತ್ತು. ಮನಸ್ಸಿನ ಸಂಗತಿಗೆ ಅದು ತಿರುಗಿದ್ದು 17ನೆಯ ಶತಮಾನದ ಮೊದಲ ದಶಕಗಳಲ್ಲಿ. ಆಗ ಆ ಕ್ಷೇತ್ರದ ಒಡೆತನ ‘ಮೆಲಂಕಲಿ’ಯದಾಗಿತ್ತು, ರಾಬರ್ಟ್ ಬರ್ಟನ್ 1621ರಲ್ಲಿ ಅದರ ಮೇಲೆ ಬರೆದ ದಪ್ಪ ಗ್ರಂಥ ಅವನ ಜೀವಿತದಲ್ಲೇ ಹಲವು ಮುದ್ರಣ ಕಂಡಿತು. ಹೊಸ ಬಳಕೆಯಲ್ಲಿ ಒಂದು ಸೂಕ್ಷ್ಮವಿತ್ತು. ಹೆಚ್ಚಾಗಿ ತಗ್ಗುತ್ತಿದ್ದದ್ದು ‘ಸ್ಪಿರಿಟ್ಸ್’, ಅಂದರೆ ನರಗಳಲ್ಲಿ ಹರಿಯುತ್ತವೆಂದು ಆ ಕಾಲದವರು ನಂಬಿದ್ದ ಚೈತನ್ಯದ ಸೂಕ್ಷ್ಮದ್ರವ. ಇವನ ಸ್ಪಿರಿಟ್ಸ್ ತಗ್ಗಿವೆ ಎಂದರೆ ಇವನಲ್ಲಿರುವ ಯಾವುದೋ ಒಂದು ತಗ್ಗಿದೆ ಎಂದಂತೆ. ಇವನೇ ತಗ್ಗಿದವನು ಎಂಬ ಮಾತು ಗಟ್ಟಿಯಾದದ್ದು ಆಮೇಲೆ. ಗುಣವಾಚಕವು ಚೈತನ್ಯವನ್ನು ಬಿಟ್ಟು ಇಡೀ ಮನುಷ್ಯನಿಗೆ ಅಂಟಿದ್ದು ಕರ್ತೃ ಹೊರಬೀಳುವ ಕೆಲಸದ ಮೊದಲ ಮೆಟ್ಟಿಲು.

ಈ ನಡುವೆ ಪದ ಎಲ್ಲೆಲ್ಲಿಗೋ ಹೋಯಿತು. ವಾಸ್ತುಶಿಲ್ಪಿಗಳಿಗೆ ಚಪ್ಪಟೆ ಕಮಾನು ‘ಡಿಪ್ರೆಸ್ಡ್’ ಕಮಾನಾಯಿತು, ಸಸ್ಯಶಾಸ್ತ್ರಿಗಳಿಗೆ ನೆತ್ತಿ ತಟ್ಟಿದಂತಿರುವ ಹಣ್ಣು ಹಾಗೆಯೇ ಕಂಡಿತು. ಹವಾಮಾನದವರ ಬಳಕೆ ಸ್ವಲ್ಪ ತಮಾಷೆಯದು. ಬಂಗಾಳ ಕೊಲ್ಲಿಯಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 31ರಿಂದ 50 ಕಿ.ಮೀ. ಮುಟ್ಟಿದ ಸುಳಿಯನ್ನು ಭಾರತೀಯ ಹವಾಮಾನ ಇಲಾಖೆ ‘ಡಿಪ್ರೆಷನ್’ ಎನ್ನುತ್ತದೆ. ಅಲ್ಲಿ ಆಗಿರುವುದು ಒತ್ತಡ ಕಡಿಮೆಯಾಗಿ ಮಾಪಕದ ಪಾದರಸ ಇಳಿದಿರುವುದು. ಮನಸ್ಸಿಗೆ ಭಾರ ಹೆಚ್ಚಾದರೂ ಅದೇ ಪದ, ಗಾಳಿಗೆ ಭಾರ ಕಡಿಮೆಯಾದರೂ ಅದೇ ಪದ. ವ್ಯಾಪಾರಕ್ಕೆ ಬಂದರೆ, 1837, 1873, 1893ರ ಕುಸಿತಗಳನ್ನು ಅಮೆರಿಕದವರು ‘ಪ್ಯಾನಿಕ್’ ಎಂದು ಕರೆದರು. ಬ್ರಿಟನ್ 1885ರಲ್ಲಿ ವ್ಯಾಪಾರ, ಉದ್ಯಮಗಳ ‘ಡಿಪ್ರೆಷನ್’ ವಿಚಾರಣೆಗೆ ರಾಯಲ್ ಕಮಿಷನ್ನನ್ನೇ ಕೂರಿಸಿತು. 1929ರ ನಂತರದ್ದಕ್ಕೆ ಆ ಹೆಸರೇ ಶಾಶ್ವತವಾಯಿತು. ‘ಪ್ಯಾನಿಕ್’ ಎಂದರೆ ಬ್ಯಾಂಕಿನ ಮುಂದೆ ಓಡಿಬಂದು ನಿಂತ ಜನ ಕಣ್ಣೆದುರು ಬರುತ್ತಾರೆ. ‘ಡಿಪ್ರೆಷನ್’ ಎಂದರೆ ಯಾರೂ ಬರುವುದಿಲ್ಲ, ಭೂಮಿಯೇ ತನ್ನಷ್ಟಕ್ಕೆ ತಗ್ಗಿದಂತೆ. ಕನ್ನಡ ಪತ್ರಿಕೆಗಳು ಇವನ್ನೆಲ್ಲ ಬೇರೆಬೇರೆ ಡಬ್ಬಿಗಳಲ್ಲಿ ಇಟ್ಟಿವೆ: ಗಾಳಿಗೆ ವಾಯುಭಾರ ಕುಸಿತ, ಮಾರುಕಟ್ಟೆಗೆ ಆರ್ಥಿಕ ಕುಸಿತ, ಮನಸ್ಸಿಗೆ ಖಿನ್ನತೆ, ಸಮಾಜಕ್ಕೆ ದಮನಿತರು. ಒಂದೇ ಪದದ ನಾಲ್ಕು ಮುಖಗಳು ಇಂಗ್ಲಿಷ್ ಓದುಗನಿಗೆ ಒಂದನ್ನೊಂದು ನೆನಪಿಸುತ್ತವೆ. ನಮಗೆ ನೆನಪಿಸುವುದಿಲ್ಲ. ಸ್ಪಷ್ಟತೆಗೆ ಇದು ಒಳ್ಳೆಯದೇ. ಆದರೆ ಖಿನ್ನರಿಗೂ ದಮನಿತರಿಗೂ ನಂಟಿದೆಯೇ ಎಂದು ಕೇಳುವ ಅವಕಾಶವನ್ನು ನಮ್ಮ ಅನುವಾದಕರು ಗೊತ್ತಿಲ್ಲದೆಯೇ ಮುಚ್ಚಿದ್ದಾರೆ.

ನಂಟಿದೆ ಎನ್ನಲು ಎರಡು ಕಾನೂನುಗಳ ಸಾಕ್ಷ್ಯವಿದೆ, ಎರಡೂ ಬ್ರಿಟಿಷ್ ಸಂಸತ್ತಿನವು, ಒಂದರ ಹಿಂದೊಂದು ವರ್ಷದವು. ಗಣಿ, ಹಡಗುಕಟ್ಟೆಗಳು ಮುಚ್ಚಿ ನಿರುದ್ಯೋಗ ಬೆಟ್ಟದಂತೆ ಬೆಳೆದಿದ್ದ ದಕ್ಷಿಣ ವೇಲ್ಸ್, ಟೈನ್ ನದಿಯ ದಂಡೆ, ಪಶ್ಚಿಮ ಕಂಬರ್‌ಲ್ಯಾಂಡ್, ಸ್ಕಾಟ್‌ಲ್ಯಾಂಡಿನ ಕೈಗಾರಿಕಾ ಭಾಗಗಳಿಗೆ ನೆರವು ಕೊಡಲು 1934ರಲ್ಲಿ ಒಂದು ಮಸೂದೆ ಬಂತು. ಅದು ಬಂದದ್ದು ‘ಡಿಪ್ರೆಸ್ಡ್’ ಪ್ರದೇಶಗಳ ಮಸೂದೆಯಾಗಿ. ಸಂಸತ್ತನ್ನು ದಾಟಿ ಹೊರಬರುವಾಗ ‘ವಿಶೇಷ’ ಪ್ರದೇಶಗಳ ಕಾಯ್ದೆಯಾಗಿತ್ತು. ಮರುವರ್ಷ, 1935ರ ಭಾರತ ಸರ್ಕಾರ ಕಾಯ್ದೆಯಲ್ಲಿ, ಅಲ್ಲಿಯವರೆಗೆ ‘ಡಿಪ್ರೆಸ್ಡ್ ಕ್ಲಾಸಸ್’ ಎನಿಸಿಕೊಂಡಿದ್ದವರು ‘ಷೆಡ್ಯೂಲ್ಡ್ ಕ್ಯಾಸ್ಟ್ಸ್’ ಆದರು, ಅಂದರೆ ಪಟ್ಟಿಯಲ್ಲಿರುವ ಜಾತಿಗಳು. ‘ವಿಶೇಷ’ ಎಂಬ ಪದವಾಗಲಿ ‘ಪಟ್ಟಿ’ ಎಂಬ ಪದವಾಗಲಿ ಏನನ್ನೂ ಹೇಳುವುದಿಲ್ಲ. ಏನನ್ನೂ ಹೇಳದಿರುವುದೇ ಅವುಗಳ ಯೋಗ್ಯತೆ. ಪದ ಬದಲಾದದ್ದು ಆ ಜನರ ಮರ್ಯಾದೆ ಕಾಯಲು ಎಂಬ ಸಮರ್ಥನೆಯಲ್ಲಿ ಅರ್ಧ ಸತ್ಯವಿದೆ. ಇನ್ನರ್ಧವೂ ಇದೆ: ಒಂದು ಊರನ್ನೋ ಒಂದು ಸಮುದಾಯವನ್ನೋ ತುಳಿಯಲ್ಪಟ್ಟದ್ದು ಎಂದು ಶಾಸನದ ಪುಸ್ತಕದಲ್ಲೇ ಬರೆದರೆ, ತುಳಿದವರು ಯಾರು ಎಂಬ ಪ್ರಶ್ನೆಯನ್ನೂ ಜೊತೆಗೆ ಬರೆದಂತಾಗುತ್ತದೆ. ಗಣಿಯ ಒಡೆಯರಿಗಾಗಲಿ ಅಗ್ರಹಾರಕ್ಕಾಗಲಿ ಅದು ಇಷ್ಟವಾಗುವ ಪ್ರಶ್ನೆಯಲ್ಲ. ಸಮುದಾಯ, ಪ್ರದೇಶಗಳ ಮಟ್ಟಿಗೆ ಈ ಗುಣವಾಚಕ ಸರ್ಕಾರಿ ಕಾಗದದಿಂದ ಮಾಯವಾದದ್ದು ಹೀಗೆ. ಒಬ್ಬಂಟಿ ಮನುಷ್ಯನ ಮಟ್ಟಿಗೆ ಅದು ಉಳಿಯಿತು, ಯಾಕೆಂದರೆ ಅಲ್ಲಿ ಆ ಪ್ರಶ್ನೆ ಕೇಳುವ ರೂಢಿ ಆಗಲೇ ತಪ್ಪತೊಡಗಿತ್ತು.

‘ಡಿಪ್ರೆಸ್ಡ್ ಕ್ಲಾಸಸ್’ ಎಂಬ ಹೆಸರಿನ ಜೊತೆ ಕರ್ನಾಟಕಕ್ಕೆ ಹತ್ತಿರದ ಸಂಬಂಧವಿದೆ. ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ 1897ರಲ್ಲಿ ಆ ಹೆಸರಿನ ಮಿಷನ್ ಆರಂಭಿಸಿ ಶಾಲೆಗಳನ್ನು ನಡೆಸಿದರು. 1906ರಲ್ಲಿ ಮುಂಬಯಿಯಲ್ಲಿ ಅದೇ ಹೆಸರಿನ ದೊಡ್ಡ ಸಂಸ್ಥೆ ಕಟ್ಟಿದ ವಿಠ್ಠಲ ರಾಮಜಿ ಶಿಂದೆ ಹುಟ್ಟಿದ್ದು ಜಮಖಂಡಿಯಲ್ಲಿ. ಇವರಿಗೆ ಆ ಪದ ಕರುಣೆಯದು, ಅದರೊಳಗೆ ಅನ್ಯಾಯದ ಅರಿವೂ ಇತ್ತು. ಆದರೆ ಆ ಹೆಸರನ್ನು ಹೊತ್ತವರಿಗೆ ಅದು ಹಾಗೆ ಕೇಳಿಸಲಿಲ್ಲ. ಅಂಬೇಡ್ಕರ್ ಮತ್ತು ಆರ್. ಶ್ರೀನಿವಾಸನ್ 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಕೊಟ್ಟ ಪೂರಕ ಮನವಿಯಲ್ಲಿ ಈ ಹೆಸರು ಕೀಳುಗಾಣಿಸುವಂಥದ್ದು, ತಿರಸ್ಕಾರದ್ದು ಎಂದು ಹೇಳಿ, ‘ಪ್ರೊಟೆಸ್ಟೆಂಟ್ ಹಿಂದೂಗಳು’, ‘ನಾನ್-ಕನ್ಫಾರ್ಮಿಸ್ಟ್ ಹಿಂದೂಗಳು’ ಎಂಬಂಥ ಹೆಸರುಗಳನ್ನು ಸೂಚಿಸಿದರು. ಈ ಆಯ್ಕೆಗಳನ್ನು ಗಮನಿಸಬೇಕು. ‘ಡಿಪ್ರೆಸ್ಡ್’ ಎಂಬಲ್ಲಿ ಜನ ಕರ್ಮ. ಯಾರದೋ ಒತ್ತಿಗೆ ಸಿಕ್ಕವರು. ‘ಪ್ರೊಟೆಸ್ಟೆಂಟ್’ ಎಂಬಲ್ಲಿ ಅವರೇ ಕರ್ತೃ, ಪ್ರತಿಭಟಿಸುವವರು. ಬೇಡಿಕೆ ಒಪ್ಪಿಗೆಯಾಗಲಿಲ್ಲ, ಸಿಕ್ಕಿದ್ದು ನಿರ್ಜೀವವಾದ ‘ಪಟ್ಟಿ’. ಹಾಗಾದರೆ ನಾಲ್ಕು ದಶಕಗಳ ಮೇಲೆ, 1970ರ ದಶಕದಲ್ಲಿ, ಕರ್ನಾಟಕದ ದಲಿತ ಸಂಘರ್ಷ ಸಮಿತಿ ತನ್ನ ಹೆಸರಿಗೆ ‘ದಲಿತ’ ಎಂಬುದನ್ನೇ ಆರಿಸಿಕೊಂಡದ್ದು ಹೇಗೆ? ಅದೂ ಕೃದಂತವೇ, ಸೀಳಲ್ಪಟ್ಟ, ಹೊಸಕಲ್ಪಟ್ಟ ಎಂದೇ ಅರ್ಥ. ಉತ್ತರ ನಿಘಂಟಿನಲ್ಲಿಲ್ಲ, ಹೇಳುವ ಬಾಯಿಯಲ್ಲಿದೆ. ಮೇಲಿನವರು ಹೇಳಿದಾಗ ಕರುಣೆಯಾಗುವ ಕೃದಂತ, ಹೊಸಕಿಸಿಕೊಂಡವರೇ ‘ಸಂಘರ್ಷ’ದ ಪಕ್ಕದಲ್ಲಿಟ್ಟು ಹೇಳಿದಾಗ ಬೆರಳೆತ್ತಿ ತೋರಿಸುತ್ತದೆ. ಕರ್ತೃವಿನ ಖಾಲಿ ಕುರ್ಚಿಯ ಮೇಲೆ ಬೆಳಕು ಬೀಳುತ್ತದೆ.

ಇನ್ನು ಮನೋವೈದ್ಯಕ್ಕೆ ಬರೋಣ. ಜರ್ಮನಿಯ ಎಮಿಲ್ ಕ್ರೆಪಲಿನ್ 1899ರಲ್ಲಿ ಉನ್ಮಾದ-ಖಿನ್ನತೆಗಳ ಜೋಡಿ ಕಾಯಿಲೆಗೆ ಹೆಸರು ಕೊಡುವಾಗ ಈ ಪದ ಬಳಸಿದ್ದ. ಇಂಗ್ಲಿಷ್ ವೈದ್ಯರ ಬಾಯಲ್ಲಿ ‘ಮೆಲಂಕೋಲಿಯಾ’ವನ್ನು ಕೆಳಗಿಳಿಸಿ ‘ಡಿಪ್ರೆಷನ್’ ಅನ್ನು ಕೂರಿಸಬೇಕೆಂದು 1904ರ ಸುಮಾರಿಗೆ ವಾದಿಸಿದವನು ಅಮೆರಿಕದಲ್ಲಿ ನೆಲೆಸಿದ್ದ ಸ್ವಿಸ್ ವೈದ್ಯ ಅಡಾಲ್ಫ್ ಮೇಯರ್. ಕರಿಪಿತ್ತವಿಲ್ಲದ ಮೇಲೆ ಕರಿಪಿತ್ತದ ಹೆಸರೇಕೆ ಎಂಬ ಅವನ ತಕರಾರು ನ್ಯಾಯವಾದದ್ದೇ. ಈ ಕತೆಯ ದೊಡ್ಡ ವ್ಯಂಗ್ಯವೂ ಅವನೇ. ರೋಗಿಯ ಬದುಕಿನ ಘಟನೆಗಳನ್ನು ವರ್ಷವಾರು ಬರೆದಿಡಬೇಕು, ಮನೋರೋಗವೆಂದರೆ ಬದುಕಿನ ಸನ್ನಿವೇಶಕ್ಕೆ ಮನುಷ್ಯ ತೋರುವ ಪ್ರತಿಕ್ರಿಯೆ ಎಂದು ಪಟ್ಟು ಹಿಡಿದವನೂ ಮೇಯರನೇ. ಅವನಿಗೆ ‘ಡಿಪ್ರೆಸ್ಡ್’ ಎಂದರೆ ಏನೋ ಒಂದರಿಂದ ಡಿಪ್ರೆಸ್ಡ್. ಅಮೆರಿಕದ ಮನೋವೈದ್ಯರ ಸಂಘ 1952ರಲ್ಲಿ ತಂದ ರೋಗಕೈಪಿಡಿಯಲ್ಲಿ ಅವನ ಛಾಯೆ ಇತ್ತು. ಅಲ್ಲಿದ್ದ ಹೆಸರೇ ಖಿನ್ನ ‘ಪ್ರತಿಕ್ರಿಯೆ’. 1968ರ ಎರಡನೆಯ ಆವೃತ್ತಿ ಒಳಗಿನ ಸಂಘರ್ಷವನ್ನೋ ಗುರುತಿಸಬಹುದಾದ ಒಂದು ನಷ್ಟವನ್ನೋ ವ್ಯಾಖ್ಯೆಯೊಳಗೇ ಇಟ್ಟಿತ್ತು. 1980ರ ಮೂರನೆಯ ಆವೃತ್ತಿ ಆ ಬಾಗಿಲು ಮುಚ್ಚಿತು. ಎರಡು ವಾರಗಳ ಕಾಲ ಇಷ್ಟು ಲಕ್ಷಣಗಳು ಇರಬೇಕು ಎಂಬ ಎಣಿಕೆ ಬಂತು. ಯಾಕೆ ಎಂಬುದು ರೋಗನಿರ್ಣಯಕ್ಕೆ ಬೇಕಿಲ್ಲದ ಸಂಗತಿಯಾಯಿತು. ಒಬ್ಬ ವೈದ್ಯ ಒಂದು ಹೆಸರಿಟ್ಟರೆ ಇನ್ನೊಬ್ಬ ಇನ್ನೊಂದಿಡುತ್ತಿದ್ದ ಕಾಲದಲ್ಲಿ ಎಲ್ಲರೂ ಒಪ್ಪುವ ಅಳತೆಗೋಲು ಬೇಕಿತ್ತು ಎಂಬುದನ್ನು ಮರೆಯಬಾರದು. ಆದರೆ ಆ ಅಳತೆಗೋಲಿಗೆ ಕೊಟ್ಟ ಬೆಲೆಯೂ ಕಣ್ಣಿಗೆ ಬೀಳಬೇಕು.

ಹಾಗೆ ಮುಚ್ಚಿದ ಬಾಗಿಲಲ್ಲಿ ಒಂದು ಕಿಂಡಿ ಉಳಿದಿತ್ತು. ಹತ್ತಿರದವರು ಸತ್ತ ದುಃಖದಲ್ಲಿರುವವರನ್ನು ಈ ಎಣಿಕೆಗೆ ಸೇರಿಸಬಾರದು ಎಂಬ ವಿನಾಯಿತಿ ಅದು. 2013ರ ಐದನೆಯ ಆವೃತ್ತಿ ಅದನ್ನೂ ತೆಗೆಯಿತು. ಇದರ ಹಿಂದಿನ ತರ್ಕ ಸಲೀಸಾಗಿ ತಳ್ಳಿಹಾಕುವಂಥದ್ದಲ್ಲ: ಹೆಂಡತಿ ಸತ್ತವನಿಗೆ ವಿನಾಯಿತಿ ಇದ್ದರೆ, ಕೆಲಸ ಹೋದವನಿಗೆ, ಹೊಲ ಹರಾಜಾದವನಿಗೆ ಯಾಕಿಲ್ಲ? ಆದರೆ ಈ ಪ್ರಶ್ನೆಗೆ ಎರಡು ಉತ್ತರಗಳು ಸಾಧ್ಯವಿದ್ದವು. ಎಲ್ಲರಿಗೂ ಕಿಂಡಿ ತೆರೆಯಬಹುದಿತ್ತು, ಎಲ್ಲರಿಗೂ ಮುಚ್ಚಬಹುದಿತ್ತು. ಮುಚ್ಚುವುದೇ ಸುಲಭವೆನಿಸಿತು. ಅಮೆರಿಕದ ಅಲನ್ ಹಾರ್ವಿಟ್ಸ್ ಮತ್ತು ಜೆರೋಮ್ ವೇಕ್‌ಫೀಲ್ಡ್ 2007ರ ತಮ್ಮ ಪುಸ್ತಕದಲ್ಲಿ, ಸನ್ನಿವೇಶವನ್ನು ಕೈಬಿಟ್ಟು ಲಕ್ಷಣ ಮಾತ್ರ ಎಣಿಸಿದ್ದರಿಂದ ಸಹಜ ದುಃಖವೂ ರೋಗದ ಲೆಕ್ಕಕ್ಕೆ ಹೋಯಿತು ಎಂದು ವಾದಿಸಿದ್ದರು. ಭಗವದ್ಗೀತೆಯ ಮೊದಲ ಅಧ್ಯಾಯದ ಅರ್ಜುನನನ್ನು ಈ ಕೈಪಿಡಿಯ ಮುಂದೆ ನಿಲ್ಲಿಸಿ ನೋಡಬಹುದು. ಬಾಯಿ ಒಣಗುತ್ತದೆ, ಮೈ ನಡುಗುತ್ತದೆ, ಕೈಯಿಂದ ಬಿಲ್ಲು ಜಾರುತ್ತದೆ, ರಾಜ್ಯ ಬೇಡ, ಸುಖ ಬೇಡ, ಬದುಕೇ ಬೇಡ. ಎರಡು ವಾರ ಆಗಿಲ್ಲ ಎಂಬುದು ಅವನ ಪಾಲಿನ ದೊಡ್ಡ ವಿನಾಯಿತಿ! ಆದರೆ ಆ ಅಧ್ಯಾಯವನ್ನು ಕೇಳಿದ ಯಾವ ಹಳ್ಳಿಯ ಅಜ್ಜಿಯೂ ಕಾರಣವನ್ನು ಬಿಟ್ಟು ಲಕ್ಷಣವನ್ನು ಮಾತ್ರ ನೆನಪಿಡುವುದಿಲ್ಲ. ಎದುರಿಗೆ ಅಜ್ಜ, ಗುರು, ಅಣ್ಣತಮ್ಮಂದಿರು ನಿಂತಿದ್ದಾರೆ ಎಂಬುದೇ ಅಲ್ಲಿ ಮೊದಲ ಸಂಗತಿ.

ಕುರ್ಚಿ ಬಹಳ ದಿನ ಖಾಲಿ ಇರುವುದಿಲ್ಲ. ಅಲ್ಲಿಗೆ ರಾಸಾಯನಿಕವೊಂದು ಬಂದು ಕೂತಿತು. 1950ರ ದಶಕದಲ್ಲಿ ಮೊದಲ ಖಿನ್ನತೆನಿವಾರಕ ಔಷಧಗಳು ಬಂದವು. ಅವುಗಳಲ್ಲಿ ಒಂದು ಕ್ಷಯಕ್ಕೆಂದು ಕೊಡುತ್ತಿದ್ದ ಮಾತ್ರೆ, ರೋಗಿಗಳು ಅನಿರೀಕ್ಷಿತವಾಗಿ ಲವಲವಿಕೆಯಿಂದ ಓಡಾಡಿದ್ದರಿಂದ ಗುಣ ಬಯಲಾಯಿತು. 1987ರ ಕೊನೆಯಲ್ಲಿ ಅಮೆರಿಕದಲ್ಲಿ ಪ್ರೊಝಾಕ್ ಎಂಬ ಖಿನ್ನತೆನಿವಾರಕಕ್ಕೆ ಅನುಮತಿ ಸಿಕ್ಕ ಮೇಲೆ ಮಿದುಳಿನಲ್ಲಿ ಸೆರೊಟೋನಿನ್ ಕಡಿಮೆಯಾಗಿದೆ ಎಂಬ ಒಂದು ಸಾಲಿನ ವಿವರಣೆ ಮನೆಮಾತಾಯಿತು. ಲಭ್ಯ ಸಂಶೋಧನೆಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಬಂದ ಜೋನಾ ಮಾನ್‌ಕ್ರೀಫ್ ಮತ್ತಿತರರ ಸಮೀಕ್ಷೆ ಆ ವಿವರಣೆಗೆ ಸ್ಥಿರವಾದ ಆಧಾರ ಕಾಣಲಿಲ್ಲ. ಔಷಧ ಕೆಲಸ ಮಾಡುವುದಿಲ್ಲ ಎಂದು ಇದರ ಅರ್ಥವಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡಿದ ಮಾತ್ರಕ್ಕೆ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊರತೆ ಕಾರಣವೆಂದು ಯಾರೂ ಹೇಳುವುದಿಲ್ಲವಷ್ಟೆ. ಅದುಮುವ ಕೈಯನ್ನು ಬೇರೆ ಕಡೆ ಹುಡುಕಿದವರೂ ಇದ್ದರು. ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ 458 ಹೆಂಗಸರನ್ನು ಮಾತಾಡಿಸಿ 1978ರಲ್ಲಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಓದಬೇಕಾದದ್ದು. ದೊಡ್ಡ ಆಘಾತಗಳು ಎಲ್ಲರಿಗೂ ಬರುತ್ತವೆ. ಆದರೆ ಹನ್ನೊಂದು ವರ್ಷದೊಳಗೆ ತಾಯಿಯನ್ನು ಕಳೆದುಕೊಂಡವರು, ಮನೆಯಲ್ಲಿ ಮೂರು ಅಥವಾ ಹೆಚ್ಚು ಸಣ್ಣ ಮಕ್ಕಳಿರುವವರು, ಹೊರಗೆ ಸಂಬಳದ ಕೆಲಸವಿಲ್ಲದವರು, ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬರೂ ಇಲ್ಲದವರು ಆಘಾತಕ್ಕೆ ಹೆಚ್ಚು ಕುಸಿಯುತ್ತಾರೆ ಎಂದು ಅವರು ತೋರಿಸಿದರು. ಈ ನಾಲ್ಕನ್ನು ಕನ್ನಡದ ಯಾವ ಬೀದಿಯಲ್ಲಿ ಓದಿ ಹೇಳಿದರೂ ಕೇಳುವವರು ತಲೆಯಾಡಿಸುತ್ತಾರೆ. ಈ ಪದಕ್ಕೆ ಕರ್ತೃ ಇದೆ, ಹುಡುಕಿದರೆ ಸಿಗುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ.

ಇದಕ್ಕೆ ಬರುವ ಅತಿ ಬಲವಾದ ಆಕ್ಷೇಪ ವೈದ್ಯರದು, ಕಾಯಿಲೆ ಅನುಭವಿಸಿದವರದು. ಕಾರಣ ಕೇಳುವುದನ್ನು ಬಿಟ್ಟದ್ದೇ ಒಂದು ದೊಡ್ಡ ಉಪಕಾರ ಎನ್ನುತ್ತಾರೆ ಅವರು. ಕಾರಣ ಹುಡುಕುವ ಸಮಾಜ ಕೊನೆಗೆ ಹುಡುಕುವುದು ರೋಗಿಯ ಸೋಮಾರಿತನವನ್ನು, ಹೆಂಗಸಿನ ಹಟವನ್ನು, ಹಿಂದಿನ ಜನ್ಮದ ಕರ್ಮವನ್ನು, ಗಾಳಿ-ದೆವ್ವವನ್ನು. ಅಲ್ಲದೆ ಕಾರಣವೇ ಕಾಣದಂತೆ, ಬದುಕಿನಲ್ಲಿ ಎಲ್ಲವೂ ಸರಿಯಿರುವಾಗಲೇ ಬಂದು ಬೀಳುವ ಖಿನ್ನತೆಯೂ ಇದೆ. ಅಮೆರಿಕದ ಕಾದಂಬರಿಕಾರ ವಿಲಿಯಂ ಸ್ಟೈರನ್ 1990ರಲ್ಲಿ ತನ್ನ ಕಾಯಿಲೆಯ ಬಗ್ಗೆ ಬರೆದ ಪುಸ್ತಕದಲ್ಲಿ ಮೇಯರನ ಮೇಲೆ ಸಿಟ್ಟು ಮಾಡಿಕೊಂಡದ್ದು ಬೇರೆ ಕಾರಣಕ್ಕೆ: ಇಂಥ ಬಿರುಗಾಳಿಗೆ ಇಷ್ಟು ಸಪ್ಪೆ ಪದವೇ ಎಂದು. ಅವನಿಗೆ ಬೇಕಿದ್ದದ್ದು ಹಿಂಸೆಯ ತೀವ್ರತೆಯನ್ನು ಹೇಳುವ ಹೆಸರು, ಒತ್ತಿದವರ ವಿಳಾಸವಲ್ಲ. ಈ ಆಕ್ಷೇಪವನ್ನು ಮುಕ್ಕಾಲು ಪಾಲು ಒಪ್ಪಬೇಕು. ಕಾರಣ ಗೊತ್ತಿದ್ದರೆ ಚಿಕಿತ್ಸೆ ಬೇಡ ಎಂಬುದು ಅಪಾಯದ ಮಾತು. ಸಾಲದಿಂದ ಕುಗ್ಗಿದ ರೈತನಿಗೆ ಸಾಲಕ್ಕೂ ಪರಿಹಾರ ಬೇಕು, ಕುಗ್ಗಿದ ಮನಸ್ಸಿಗೂ ಬೇಕು. ನಿಮ್ಹಾನ್ಸ್ ನೇತೃತ್ವದಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 2.7 ಮಂದಿ ಆ ಹೊತ್ತಿಗೆ ಖಿನ್ನತೆಯಲ್ಲಿದ್ದರು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹೆಸರಿನಿಂದ ಅವರಲ್ಲಿ ಕೆಲವರಾದರೂ ಆಸ್ಪತ್ರೆಗೆ ಬರುವುದಾದರೆ ಹೆಸರು ಬೇಕು. ಒಪ್ಪಲಾಗದ ಕಾಲು ಪಾಲು ಇಷ್ಟು: ತಪ್ಪು ಕರ್ತೃವನ್ನು ಕೂರಿಸುತ್ತಾರೆ ಎಂಬ ಭಯಕ್ಕೆ ಕುರ್ಚಿಯನ್ನೇ ಕಿತ್ತೊಗೆಯಬೇಕಿಲ್ಲ. ಕರ್ತೃವಿಲ್ಲ ಎಂದಾಗ ಜನ ರೋಗಿಯನ್ನೇ ಅಲ್ಲಿ ಕೂರಿಸುತ್ತಾರೆ. ‘ಡಿಪ್ರೆಸ್ಡ್’ ಎಂಬುದು ಅವನ ಸ್ವಭಾವವಾಗುತ್ತದೆ.

ಇನ್ನೊಂದು ಆಕ್ಷೇಪ ಭಾಷಾಶಾಸ್ತ್ರದವರದು. ಪದದ ಮೂಲದಿಂದ ಇಂದಿನ ಅರ್ಥ ತೀರ್ಮಾನವಾಗುವುದಿಲ್ಲ. ‘ಸ್ಯಾಡ್’ ಎಂದವನ ಹೊಟ್ಟೆ ತುಂಬಿದೆ ಎಂದು ಯಾರೂ ಭಾವಿಸುವುದಿಲ್ಲ. ಸರಿ. ಆದರೆ ಇಲ್ಲಿನ ವಾದ ನಿಂತಿರುವುದು ಲ್ಯಾಟಿನ್ನಿನ ಮೇಲಲ್ಲ, ಇವತ್ತಿಗೂ ಬಳಕೆಯಲ್ಲಿರುವ ಕ್ರಿಯಾಪದದ ಮೇಲೆ, 1930ರ ದಶಕದಲ್ಲಿ ಆ ಪದ ಕೇಳಿ ಮುಜುಗರಪಟ್ಟವರ ನಡವಳಿಕೆಯ ಮೇಲೆ. ಮೂರನೆಯದು ಪತ್ರಿಕೆಗಳಲ್ಲಿ ಆಗಾಗ ಬರುವ ಬುದ್ಧಿಮಾತು: ಕ್ರಿಕೆಟ್ ತಂಡ ಸೋತದ್ದಕ್ಕೆ ‘ಡಿಪ್ರೆಸ್ಡ್’ ಎನ್ನಬೇಡಿ, ಅದು ಕಾಯಿಲೆಯ ಹೆಸರು, ಹಗುರ ಮಾಡಬೇಡಿ. ಇಂಗ್ಲಿಷಿನ ಮಟ್ಟಿಗೆ ಇದು ತಲೆಕೆಳಗಾದ ಮಾತು. ಆಡುಮಾತಿನ ಬಳಕೆ ವೈದ್ಯರ ಬಳಕೆಗಿಂತ ಸುಮಾರು ಮುನ್ನೂರು ವರ್ಷ ಹಿರಿಯದು. ಬಾಡಿಗೆಗೆ ಬಂದವರು ಮನೆಯ ಯಜಮಾನನನ್ನು ಹೊರಗೆ ಹಾಕಲಾಗದು. ಕನ್ನಡದ ಮಟ್ಟಿಗೆ ಮಾತ್ರ ಆ ಬುದ್ಧಿಮಾತಿನಲ್ಲಿ ಹುರುಳಿದೆ, ಯಾಕೆಂದರೆ ನಮ್ಮಲ್ಲಿ ಪದ ಬಂದದ್ದೇ ಬಿಳಿ ಕೋಟು ತೊಟ್ಟುಕೊಂಡು.

ಬಂದು ಕನ್ನಡದ ವ್ಯಾಕರಣದೊಳಗೆ ಅದು ಪಡೆದ ರೂಪಗಳು ಕುತೂಹಲದವು. ಕನ್ನಡದಲ್ಲಿ ಭಾವಗಳು ಸಾಮಾನ್ಯವಾಗಿ ಮನುಷ್ಯನಿಗೆ ಬರುತ್ತವೆ, ಚತುರ್ಥಿ ವಿಭಕ್ತಿ ಹಿಡಿದು: ನನಗೆ ಬೇಸರವಾಗಿದೆ, ಅವಳಿಗೆ ದುಃಖವಾಯಿತು, ಅವನಿಗೆ ಜೀವನವೇ ಸಾಕಾಗಿದೆ. ಬೇಸರ ಎಂಬುದು ಹೊರಗಿನಿಂದ ಬಂದ ನೆಂಟ, ನಾನು ಬೇರೆ, ಅದು ಬೇರೆ. ಪಾರಸಿಯ ‘ಬೇಝಾರ್’ ಕೂಡ ಬೇಜಾರಾಗಿ ಕನ್ನಡಕ್ಕೆ ಬಂದಾಗ ಇದೇ ಚತುರ್ಥಿಗೆ ಶರಣಾಯಿತು. ‘ಡಿಪ್ರೆಸ್ಡ್’ ಶರಣಾಗಿಲ್ಲ. ‘ನಾನು ಡಿಪ್ರೆಸ್ಡ್ ಆಗಿದ್ದೀನಿ’ ಎಂದು ಅದು ಪ್ರಥಮೆಯಲ್ಲೇ ನಿಲ್ಲುತ್ತದೆ. ನಾನು ದಪ್ಪಗಿದ್ದೀನಿ ಎಂಬಂತೆ. ಇನ್ನೊಂದು ರೂಪ ‘ಡಿಪ್ರೆಷನ್‌ಗೆ ಹೋಗಿದ್ದಾನೆ’. ಕೋಮಾಕ್ಕೆ ಹೋದಂತೆ, ದುಬೈಗೆ ಹೋದಂತೆ. ಇಲ್ಲಿ ಅವನು ಕರ್ತೃವೇ, ಆದರೆ ಎಂಥ ಕರ್ತೃ: ತಾನಾಗಿ ಎದ್ದು ಹೋದವನು. ಕನ್ನಡದ ಹಳೆಯ ಕ್ರಿಯಾಪದಗಳಲ್ಲಿ ಕುಗ್ಗು, ಕುಸಿ, ಎದೆಗುಂದು ಎಂಬ ಕೆಳಮುಖ ಚಲನೆ ಇರುವಂತೆಯೇ ಬಾಡು, ಕೊರಗು, ಒಳಗೊಳಗೇ ಬೇಯು ಎಂಬ ಬಿಸಿಯ, ಸವೆತದ ಚಿತ್ರಗಳೂ ಇವೆ. ಬಾಡಿದೆ ಎಂದರೆ ನೀರಿಲ್ಲ, ಬೆಂದಿದೆ ಎಂದರೆ ಕೆಳಗೆ ಉರಿ ಇದೆ. ಕಾರಣದ ಸುಳಿವು ಪದದೊಳಗೇ ಇರುತ್ತದೆ. ಕುಗ್ಗುವುದಕ್ಕೆ ಕುಗ್ಗಿಸುವುದು ಜೋಡಿಯಾಗಿ ಪಕ್ಕದಲ್ಲೇ ನಿಂತಿದೆ.

ಅನುವಾದಕ್ಕೆಂದು ನಾವು ಆರಿಸಿಕೊಂಡ ‘ಖಿನ್ನ’ದ ಒಳಗೂ ಒಂದು ಅಚ್ಚರಿ ಅಡಗಿದೆ. ಭಿದ್ ಧಾತುವಿನಿಂದ ಭಿನ್ನ, ಛಿದ್‌ನಿಂದ ಛಿನ್ನ ಆದಂತೆ ಖಿದ್‌ನಿಂದ ಖಿನ್ನ. ಅದೂ ಕ್ತ ಪ್ರತ್ಯಯ ಹಚ್ಚಿದ ಕೃದಂತವೇ. ಧಾತುಪಾಠ ಖಿದ್ ಧಾತುವಿಗೆ ದೈನ್ಯ ಎಂಬ ಅರ್ಥವನ್ನೂ ಪರಿಘಾತ, ಅಂದರೆ ಹೊಡೆತ, ಎಂಬ ಅರ್ಥವನ್ನೂ ಕೊಡುತ್ತದೆ. ಒಂದು ಕಡೆ ಬಿದ್ದ ಪೆಟ್ಟು, ಇನ್ನೊಂದು ಕಡೆ ಪೆಟ್ಟು ತಿಂದವನ ಮುಖ. ಇಂಗ್ಲಿಷ್ ಪದಕ್ಕೆ ಇದಕ್ಕಿಂತ ನಿಖರವಾದ ಜೋಡಿ ಸಿಗುವುದು ಕಷ್ಟ, ಆದರೆ ಕನ್ನಡದಲ್ಲಿ ಖಿದ್ ಎಂಬ ಕ್ರಿಯಾಪದವಿಲ್ಲ. ಯಾರೂ ಯಾರನ್ನೂ ಖಿದಿಸುವುದಿಲ್ಲ. ಅದರ ತಮ್ಮ ‘ಖೇದ’ ಮಂತ್ರಿಗಳ ಪತ್ರಿಕಾ ಹೇಳಿಕೆಗಳಲ್ಲಿ ವ್ಯಕ್ತವಾಗುತ್ತಾ ಹೇಗೋ ಬದುಕಿದೆ. ಹೀಗಾಗಿ ‘ಖಿನ್ನತೆ’ ಕನ್ನಡದಲ್ಲಿ ಹುಟ್ಟಿದಾಗಲೇ ಕರ್ತೃವಿಲ್ಲದೆ ಹುಟ್ಟಿತು.

ಕನ್ನಡಿಗರು ಕರ್ತೃವನ್ನು ಬೇರೆ ಪದದಲ್ಲಿ ಉಳಿಸಿಕೊಂಡಿದ್ದಾರೆ, ಅದು ‘ಒತ್ತಡ’. ಕೆಲಸದ ಒತ್ತಡ, ಪರೀಕ್ಷೆಯ ಒತ್ತಡ, ಸಾಲಗಾರರ ಒತ್ತಡ: ಷಷ್ಠಿ ವಿಭಕ್ತಿಯಲ್ಲಿ ಒತ್ತಿದವರ ಹೆಸರು ಬಂದೇ ಬರುತ್ತದೆ. ಒತ್ತಡವಿದೆ ಎಂದು ಕಚೇರಿಯಲ್ಲಿ ಎಲ್ಲರೆದುರು ಹೇಳಬಹುದು, ಖಿನ್ನತೆ ಇದೆ ಎನ್ನಲು ಬಾಗಿಲು ಹಾಕಬೇಕು. ಒಂದೇ ಲ್ಯಾಟಿನ್ ಬೇರಿನ ಪ್ರೆಷರ್, ಡಿಪ್ರೆಷನ್ ನಮ್ಮಲ್ಲಿ ಹೀಗೆ ಎರಡು ಜಾತಿಯಾಗಿವೆ. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಂ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಮೊದಲಿಗೆ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಕಾನೂನು ಇಲ್ಲಿ ರೋಗದ ಹೆಸರನ್ನು ಹಿಡಿಯದೆ ಒತ್ತಡದ ಹೆಸರನ್ನು ಹಿಡಿದದ್ದು ಜಾಣತನ. ಒತ್ತಡ ಯಾರದು ಎಂದು ಮುಂದೆ ಕೇಳುವ ಅಗತ್ಯ ಅದಕ್ಕೂ ಕಂಡಿಲ್ಲ. ಹೆಸರು ಹೇಳಲಾಗದ ಒತ್ತಡ ಮೈಗಿಳಿಯುತ್ತದೆ ಎಂಬುದಕ್ಕೆ ಚೀನಾದ ಸಾಕ್ಷ್ಯವಿದೆ. ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ 1980ರಲ್ಲಿ ಹುನಾನ್ ಪ್ರಾಂತ್ಯದಲ್ಲಿ ‘ನರದೌರ್ಬಲ್ಯ’ ಎಂಬ ಹೆಸರು ಹೊತ್ತ 100 ರೋಗಿಗಳನ್ನು ಪರೀಕ್ಷಿಸಿದಾಗ 87 ಮಂದಿ ಅಮೆರಿಕದ ಎಣಿಕೆಯಂತೆ ಖಿನ್ನರಾಗಿದ್ದರು. ಅವರು ಹೇಳಿಕೊಂಡದ್ದು ತಲೆನೋವು, ನಿದ್ದೆಗೇಡು, ನಿತ್ರಾಣ. ಸಾಂಸ್ಕೃತಿಕ ಕ್ರಾಂತಿಯ ವರ್ಷಗಳನ್ನು ದಾಟಿ ಬಂದವರು ಹಲವರು. ಅದುಮಿದ ಕೈ ಯಾವುದೆಂದು ಗೊತ್ತಿತ್ತು, ಹೇಳುವಂತಿರಲಿಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲೂ ಕೇಳಿಬರುವುದು ಸುಸ್ತು, ಎದೆ ಭಾರ, ಊಟ ಸೇರಲ್ಲ, ನಿದ್ದೆ ಬರಲ್ಲ ಎಂಬ ಮಾತುಗಳೇ. ಹೆಂಗಸರು ಅತ್ತೆಯೋ ಗಂಡನೋ ಪಕ್ಕದಲ್ಲಿ ನಿಂತಿರುವಾಗ ಇದಕ್ಕಿಂತ ಹೆಚ್ಚು ಹೇಳುವುದು ಕಷ್ಟ.

ಹಾಗೆಂದು ‘ಡಿಪ್ರೆಸ್ಡ್’ ಎಂಬುದನ್ನು ಕನ್ನಡದಿಂದ ಓಡಿಸಬೇಕು, ಅಚ್ಚಕನ್ನಡದ ಬೇಸರವೇ ಸಾಕು ಎಂಬ ಹಟ ಸಲ್ಲದು. ಬೇಸರಕ್ಕೆ ಬೇರೆ ತೊಂದರೆ ಇದೆ. ಅದು ಬಸ್ಸು ತಡವಾದದ್ದಕ್ಕೂ ಆಗುತ್ತದೆ, ಬದುಕು ಮುಗಿದಂತೆ ಕಂಡದ್ದಕ್ಕೂ ಆಗುತ್ತದೆ, ಕೇಳಿದವರು ಎರಡಕ್ಕೂ ‘ಸರಿಹೋಗುತ್ತೆ ಬಿಡು’ ಎನ್ನುತ್ತಾರೆ. ಪದಗಳ ವ್ಯತ್ಯಾಸ ಅವು ಎಬ್ಬಿಸುವ ಮುಂದಿನ ಪ್ರಶ್ನೆಯಲ್ಲಿ ಚೆನ್ನಾಗಿ ಕಾಣುತ್ತದೆ. ‘ಮನಸ್ಸಿಗೆ ತುಂಬಾ ಬೇಜಾರಾಗಿದೆ’ ಎಂದರೆ ಎದುರಿನವರು ‘ಯಾಕೆ, ಏನಾಯಿತು, ಯಾರು ಏನಂದರು’ ಎಂದು ಕೇಳುತ್ತಾರೆ. ‘ಡಿಪ್ರೆಸ್ಡ್ ಆಗಿದ್ದೀನಿ’ ಎಂದರೆ ‘ಡಾಕ್ಟರ ಹತ್ತಿರ ಹೋದೆಯಾ’ ಎಂದು ಕೇಳುತ್ತಾರೆ. ಮೊದಲನೆಯದನ್ನು ಕೇಳಿದವರಿಗೆ ಎರಡನೆಯದು ಹೊಳೆಯುವುದಿಲ್ಲ, ಎರಡನೆಯದನ್ನು ಕೇಳಿದವರು ಮೊದಲನೆಯದಕ್ಕೆ ಹಿಂದಿರುಗುವುದಿಲ್ಲ.